ನಮ್ಮ ಶತ್ರು ಒಮ್ಮೆ ಗೆದ್ದದ್ದು

ಯುದ್ಧ ಗೆದ್ದವರಿಗೆ ಜಗತ್ತಿನಲ್ಲಿ ಕೊರತೆಯಿಲ್ಲ. ನಾಲ್ಕು ದಾರಿ ಕೂಡುವ ಕಡೆಯಲ್ಲೆಲ್ಲ ಅವರು ಕಲ್ಲಾಗಿ ಕುದುರೆ ಹತ್ತಿ ನಿಂತಿದ್ದಾರೆ. ಅದರಿಂದ ಕಾಗೆಗಳಿಗೂ ಅನುಕೂಲವಾಗಿದೆ. ಆದರೆ ಯುದ್ಧ ಸೋಲುವುದನ್ನೇ ಕಸುಬು ಮಾಡಿಕೊಂಡು, ಅದಕ್ಕೆ ಸರ್ಕಾರದ ಸಂಬಳ ತೆಗೆದುಕೊಂಡು, ಸೋತ ಪ್ರತಿ ಸಲವೂ ಮೇಲಿನವರಿಂದ ಶಹಬಾಸ್ ಅನ್ನಿಸಿಕೊಂಡ ವೀರ ಒಬ್ಬನೇ. ಅವನು ಮಳೆಗಾಲದಲ್ಲಿ ಸೋತ, ಬೇಸಿಗೆಯಲ್ಲಿ ಸೋತ. ಬೆಟ್ಟದ ತುದಿಯಲ್ಲಿ ಭದ್ರವಾಗಿ ಕೂತು ಸೋತ, ಬಯಲಿನಲ್ಲಿ ಓಡುತ್ತ ಸೋತ. ಎದುರಾಳಿಗಿಂತ ಮೂರು ಪಟ್ಟು ಸೈನ್ಯ ಇಟ್ಟುಕೊಂಡೂ ಸೋತ. ಒಮ್ಮೆಯಂತೂ ಎದುರು ಪಕ್ಷ ನಡೆಸಬೇಕಿದ್ದ ಅಧಿಕಾರಿ ಹಲ್ಲುನೋವೆಂದು ರಜೆ ಹಾಕಿದ್ದ. ನಮ್ಮ ವೀರ ಎದೆಗುಂದಲಿಲ್ಲ. ಎರಡೂ ಕಡೆ ತಾನೇ ಆಡಿ, ಮಧ್ಯಾಹ್ನದೊಳಗೆ ಅಚ್ಚುಕಟ್ಟಾಗಿ ಸೋತು, ಕೈ ಕೊಡವಿಕೊಂಡು ಎದ್ದು ಬಂದ.

ಸೇನೆಯ ಕಾಗದಪತ್ರಗಳಲ್ಲಿ ಅವನು ಮೇಜರ್. ಉಳಿದವರೆಲ್ಲರ ಬಾಯಲ್ಲಿ ಅವನು ಶತ್ರು.

ಹೊರಗಿನವರಿಗೆ ಈ ಕಸುಬಿನ ಪರಿಚಯ ಇರಲಿಕ್ಕಿಲ್ಲ. ದಂಡಯಾತ್ರೆ ಎಂದರೆ ಒಂದೇ ಯುದ್ಧವಲ್ಲ. ಒಂದು ಊರು ಹಿಡಿಯಬೇಕು, ಆಮೇಲೆ ಒಂದು ರಸ್ತೆ, ಆಮೇಲೆ ಒಂದು ಹೊಳೆ ದಾಟಬೇಕು. ಹೀಗೆ ಕಾರ್ಯಾಚರಣೆಗಳ ಒಂದು ಸರಮಾಲೆ. ಪ್ರತಿಯೊಂದಕ್ಕೂ ಮೊದಲೇ ಒಬ್ಬರು ಯೋಜನೆ ಹಾಕಬೇಕು. ಹಾಕಿದ ಮೇಲೆ ಆಜ್ಞೆ ಹೊರಡುವ ಮುಂಚೆ ಅದನ್ನು ಮೇಜಿನ ಮೇಲೆ ಆಡಿ ನೋಡಬೇಕು. ದೊಡ್ಡ ನಕ್ಷೆ ಹಾಸಿ ಅದರ ಮೇಲೆ ಮರದ ತುಂಡುಗಳನ್ನು ಇಡುತ್ತಾರೆ. ನೀಲಿ ಬಣ್ಣದವು ನಮ್ಮವು, ಕೆಂಪು ಅವರವು. ನೀಲಿ ತುಂಡುಗಳನ್ನು ಯೋಜನೆ ಹಾಕಿದವರು ನಡೆಸುತ್ತಾರೆ. ಕೆಂಪು ತುಂಡುಗಳನ್ನು ನಡೆಸುವವನು ಆ ಒಂದು ಹೊತ್ತು ತಾನು ಯಾರ ಉಪ್ಪು ತಿಂದವನು ಎಂಬುದನ್ನು ಮರೆತು, ಆಚೆ ದಡದವರ ತಲೆಯಿಂದ ಯೋಚಿಸಿ, ಯೋಜನೆಯಲ್ಲಿ ತೂತು ಹುಡುಕಬೇಕು. ತೂತು ಸಿಕ್ಕರೆ ಮುಚ್ಚಬಹುದು. ಸಿಗದಿದ್ದರೆ ಸಂತೋಷ.

ಈ ಪದವಿಗೆ ಅವನು ಏರಿದ ಬಗೆಯೂ ವೀರೋಚಿತವೇ. ಸೇನೆಗೆ ಹೊಸದಾಗಿ ಸೇರಿದ್ದ ಕಾಲ. ಹಲ್ಲು ಕಟಕಟ ಅನ್ನುವ ಚಳಿಯ ಬೆಳಿಗ್ಗೆ. ಕೆಂಪು ಪಕ್ಷ ನಡೆಸಲು ಒಬ್ಬ ಬೇಕಾಗಿತ್ತು. ಹಿರಿಯ ಅಧಿಕಾರಿ ಸಾಲಾಗಿ ನಿಂತ ಹುಡುಗರನ್ನು ನೋಡುತ್ತ ಬಂದರು. ಇವನ ಕೋಟಿನ ಕೊರಳಿನಿಂದ ಕೆಂಪು ಸ್ವೆಟರ್ ಇಣುಕುತ್ತಿತ್ತು. "ಇವನು ಆಗಲೇ ಸಿದ್ಧವಾಗಿ ಬಂದಿದ್ದಾನೆ" ಎಂದರು ಅಧಿಕಾರಿ. ಸ್ವೆಟರ್ ಹೆಣೆದವಳು ಅವನ ಒಬ್ಬಳೇ ಅಕ್ಕ. ತಮ್ಮನನ್ನು ಇಷ್ಟು ದೊಡ್ಡ ಮನುಷ್ಯನನ್ನಾಗಿ ಮಾಡಿದ್ದು ತನ್ನ ಸೂಜಿ ಎಂದು ಅವಳು ಈಗಲೂ ಹೇಳಿಕೊಳ್ಳುತ್ತಾಳೆ.

ಆ ಅಕ್ಕನನ್ನು ಮದುವೆಯಾದವರೇ ನಮ್ಮ ಕರ್ನಲ್. ಸೇನೆಯ ಕೇಂದ್ರ ಕಚೇರಿಯಲ್ಲಿ ಯೋಜನೆ ಹಾಕುವ ವಿಭಾಗಕ್ಕೆ ಅವರೇ ಮುಖ್ಯಸ್ಥರು. ಅಂದಮೇಲೆ ಅವರ ಪಾಡು ಕೇಳಬೇಕೇ? ಬೇರೆಯವರಿಗೆ ಶತ್ರು ಗಡಿಯಾಚೆ ಇರುತ್ತಾನೆ. ಕರ್ನಲ್‌ಗೆ ಕಚೇರಿಯಲ್ಲೂ ಶತ್ರು, ಮನೆಗೆ ಬಂದರೂ ಶತ್ರು. ಹೆಂಡತಿಯ ತಮ್ಮ ಎಂದಮೇಲೆ ಓಡಿಸುವಂತಿಲ್ಲ, ಕೈಕೆಳಗಿನ ಅಧಿಕಾರಿ ಎಂದಮೇಲೆ ಬಿಟ್ಟು ಹೋಗುವಂತಿಲ್ಲ. ಆ ಮನೆಯಲ್ಲಿ ಊಟಕ್ಕೆ ಕರೆಯುವುದೂ "ಶತ್ರುಗಳು ಕೈ ತೊಳೆದುಕೊಂಡು ಬರಬೇಕು" ಎಂದೇ. ಕರೆದು ಮುಗಿಯುವ ಮುಂಚೆ ಶತ್ರು ತಟ್ಟೆಯ ಮುಂದೆ ಇರುತ್ತಿದ್ದ. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ಹಾಗಾದರೆ ಅವನಿಗೆ ಸಾವೇ ಇಲ್ಲ ಎಂದು ಕರ್ನಲ್ ಹೇಳುತ್ತಿದ್ದರು.

ಕಸುಬು ಮೈಗೆ ಹತ್ತಿದ ಮೇಲೆ ಶತ್ರು ಎಲ್ಲಿ ಕೂತರೂ ಎದುರು ಕಡೆಯವನೇ. ಕೆಂಪು ಪಕ್ಷದ ಬಗ್ಗೆ ಅವನು 'ಅವರು' ಎಂದವನಲ್ಲ, 'ನಾವು' ಎನ್ನುತ್ತಿದ್ದ. "ನಮ್ಮ ಹತ್ತಿರ ಫಿರಂಗಿ ಕಡಿಮೆ ಸಾರ್, ಆದ್ರೆ ನಮ್ಮ ಹುಡುಗರು ಒಳ್ಳೆಯವರು" ಎಂದು ಅವನು ಅಭಿಮಾನದಿಂದ ಹೇಳುವುದನ್ನು ಕೇಳಿ ಹೊಸ ಅಧಿಕಾರಿಯೊಬ್ಬ ಗುಪ್ತಚರರಿಗೆ ದೂರು ಕೊಟ್ಟದ್ದೂ ಉಂಟು. ನಿಜ ಹೇಳಬೇಕೆಂದರೆ ಈ ಗುಣ ಕಸುಬಿಗಿಂತ ಹಳೆಯದು. ಅಕ್ಕನ ಮದುವೆಯ ಮಾತುಕತೆಗೆ ಗಂಡಿನ ಕಡೆಯವರು ಬಂದು ಕೂತಾಗ ಇವನು ಇನ್ನೂ ಚಡ್ಡಿ ಹಾಕುವ ವಯಸ್ಸಿನವನು. ಎಲ್ಲರೂ ಸುಮ್ಮನಿದ್ದಾಗ ಗಂಡಿನ ಕಡೆಗೆ ತಿರುಗಿ, "ಇವಳಿಗೆ ಕೋಪ ಬಂದ್ರೆ ಏನು ಮಾಡ್ಬೇಕು ಅಂತ ನೀವು ಯೋಚನೆ ಮಾಡಿದೀರಾ?" ಎಂದು ಕೇಳಿದ್ದ. ಎಲ್ಲರೂ ನಕ್ಕರು. ವರನೂ ನಕ್ಕ. ಆ ಒಂದು ಪ್ರಶ್ನೆಗೆ ಆಗಲೇ ಉತ್ತರ ಹುಡುಕಿಕೊಂಡಿದ್ದರೆ ಚೆನ್ನಾಗಿತ್ತು ಎಂದು ಕರ್ನಲ್‌ಗೆ ಆಗಾಗ ಅನ್ನಿಸುತ್ತದೆ, ಜೋರಾಗಿ ಅನ್ನಿಸುವುದಿಲ್ಲ.

ಆದರೆ ಮೇಜಿನ ಮೇಲೆ ಮಾತ್ರ ಶತ್ರು ಬಂಗಾರದಂಥವನು. ಬೆಳಿಗ್ಗೆ ಎಲ್ಲ ಪಟ್ಟಾಗಿ ಆಡುತ್ತಿದ್ದ, ಕರ್ನಲ್‌ರ ಹಣೆಯಲ್ಲಿ ಬೆವರು ತರಿಸುತ್ತಿದ್ದ. ಇನ್ನೇನು ನೀಲಿ ಪಕ್ಷದ ಕುತ್ತಿಗೆಗೆ ಬಂತು ಅನ್ನುವಾಗ, ಅದೇನು ದೈವವೋ, ಅವನ ಸೈನ್ಯ ದಿಢೀರನೆ ಕುಸಿಯುತ್ತಿತ್ತು. ಕೆಂಪು ಪೆನ್ಸಿಲ್ಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು, ಎರಡೂ ಅಂಗೈ ಉಜ್ಜಿ, "ಸೋತ್ವಿ. ನಡೀರಿ" ಎಂದು ಎದ್ದುಬಿಡುತ್ತಿದ್ದ. ಗೆದ್ದ ಕರ್ನಲ್ ಮೀಸೆಗೆ ಕೈ ಹಾಕುವಷ್ಟರಲ್ಲಿ ಸೋತವನು ಬಾಗಿಲು ದಾಟಿರುತ್ತಿದ್ದ. ಇಂಥ ಗೆಲುವುಗಳ ಮೆಟ್ಟಿಲು ಹತ್ತಿಯೇ ಕರ್ನಲ್ ಕರ್ನಲ್ ಆದದ್ದು. ತಮ್ಮ ಯೋಜನೆಗಳಿಗೆ ತೂತೇ ಬೀಳುವುದಿಲ್ಲ ಎಂದು ಅವರು ನಂಬಿದ್ದರಲ್ಲಿ ಅವರ ತಪ್ಪೇನೂ ಇಲ್ಲ, ಪುರಾವೆ ಹಾಗಿತ್ತು.

ಆ ವರ್ಷದ ದಂಡಯಾತ್ರೆ ಒಂದು ಹೊಳೆಯ ದಡಕ್ಕೆ ಬಂದು ನಿಂತಿತ್ತು. ಕೇಂದ್ರ ಕಚೇರಿಯವರು ಮುಚ್ಚಿಹೋಗಿದ್ದ ಒಂದು ನೂಲಿನ ಗಿರಣಿಯಲ್ಲಿ ಬೀಡುಬಿಟ್ಟಿದ್ದರು. ಯಂತ್ರಗಳನ್ನು ಎತ್ತಿಕೊಂಡು ಹೋದ ಕಡೆ ನೆಲದಲ್ಲಿ ಎಣ್ಣೆಯ ಕಲೆ ಉಳಿದಿತ್ತು. ತೊಲೆಗಳ ಮೇಲೆ ಪಾರಿವಾಳಗಳ ಸಂಸಾರ. ಕಿಟಕಿಯ ಮೂಲೆಗಳಲ್ಲಿ ಹತ್ತಿಯ ಧೂಳು ಇನ್ನೂ ಅಂಟಿಕೊಂಡಿತ್ತು. ಯಾರಾದರೂ ಜೋರಾಗಿ ಬಾಗಿಲು ಹಾಕಿದರೆ ಅದು ಹಿಮದಂತೆ ಉದುರಿ ಜನರ ಹೆಗಲ ಮೇಲೆ ಕೂರುತ್ತಿತ್ತು. ಅಂಗಳದಲ್ಲಿ ಗಿರಣಿಯ ಪಾಳಿ ಬದಲಾಗುವಾಗ ಹೊಡೆಯುತ್ತಿದ್ದ ದೊಡ್ಡ ಗಂಟೆ. ಅದರ ಗಂಟಲು ಎಂಥದ್ದೆಂದರೆ ಸತ್ತವರೂ ಎದ್ದು ಕೆಲಸಕ್ಕೆ ಹೊರಡಬೇಕು. ಈಗ ಅದು ಅಡುಗೆಯವನ ಸ್ವಾಧೀನದಲ್ಲಿತ್ತು. ಕೈಯಲ್ಲಿ ಸೌಟು ಇಲ್ಲದೆ ಅವನನ್ನು ಯಾರೂ ನೋಡಿರಲಿಲ್ಲವಾದ್ದರಿಂದ ಅವನ ಹೆಸರೇ ಸೌಟು ಎಂದಾಗಿತ್ತು. ಊಟ ಸಿದ್ಧವಾದಾಗ ಅವನು ಕಬ್ಬಿಣದ ಸರಳಿನಿಂದ ಆ ಗಂಟೆಗೆ ಬಾರಿಸುತ್ತಿದ್ದ. ಪಾರಿವಾಳಗಳು ಒಟ್ಟಿಗೆ ಹಾರುತ್ತಿದ್ದವು, ಅಧಿಕಾರಿಗಳು ಒಟ್ಟಿಗೆ ಏಳುತ್ತಿದ್ದರು.

ಮುಂದಿನ ಕಾರ್ಯಾಚರಣೆ ಹೊಳೆ ದಾಟುವುದು. ಆಚೆ ದಡ ಅವರದು. ಇದ್ದ ಒಂದು ಸೇತುವೆಯ ಆ ತುದಿಯಲ್ಲಿ ಅವರ ಫಿರಂಗಿಗಳೆಲ್ಲ ಬಾಯಿ ತೆರೆದು ಕೂತಿದ್ದವು. ಸೇತುವೆಗಿಂತ ಸ್ವಲ್ಪ ಮೇಲೆ ಹೊಳೆ ಅಗಲವಾಗಿ ತಿರುಗುವ ಒಂದು ಜಾಗವಿತ್ತು. ಅಲ್ಲಿ ನೀರಿಗೆ ಸೆಳವೇ ಇಲ್ಲ, ಕೆರೆಯ ಹಾಗೆ ತೂಕಡಿಸುತ್ತಿತ್ತು. ಕರ್ನಲ್‌ರ ಯೋಜನೆ ಸರಳವಾಗಿತ್ತು, ಸುಂದರವಾಗಿತ್ತು. ಸೇತುವೆಯ ಹತ್ತಿರ ಗದ್ದಲ ಎಬ್ಬಿಸಿ ಅವರ ಕಣ್ಣನ್ನೆಲ್ಲ ಅಲ್ಲಿಗೆ ಸೆಳೆಯುವುದು. ಅಷ್ಟರಲ್ಲಿ ತಿರುವಿನಲ್ಲಿ ನಸುಕಿನಲ್ಲೇ ದೋಣಿ ಇಳಿಸಿ ಆಚೆ ದಡ ಸೇರುವುದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಈ ಕಾರ್ಯಾಚರಣೆಗೆ 'ಸಿಡಿಲು' ಎಂದು ಹೆಸರಿಡಬೇಕೆಂದು ಕರ್ನಲ್‌ಗೆ ಆಸೆಯಿತ್ತು. ಮೇಲಿನಿಂದ 'ಚಿಟ್ಟೆ' ಎಂಬ ಹೆಸರು ಬಂತು. ಹೆಸರು ಕೊಡುವವರು ಯಾರೆಂದು ಯಾರಿಗೂ ಗೊತ್ತಿಲ್ಲ. ಕರ್ನಲ್ ಎರಡು ದಿನ ಸಪ್ಪಗಿದ್ದು, ಆಮೇಲೆ ಚಿಟ್ಟೆಯನ್ನೇ ಪ್ರೀತಿಸತೊಡಗಿದರು. ಹೆತ್ತವರಿಗೆ ಹೆಗ್ಗಣವೇ ಮುದ್ದು. ಇದು ಚಿಟ್ಟೆಯಾದರೂ ಆಗಿತ್ತು.

ಆದರೆ ಒಂದು ವಿಷಯವನ್ನು ಅವರು ಯಾರೊಡನೆಯೂ ಆಡುತ್ತಿರಲಿಲ್ಲ. ಮೊದಲ ದೋಣಿಗಳಲ್ಲಿ ಹೋಗಬೇಕಾದ ಬೆಟಾಲಿಯನ್ನು ಯಾವುದೆಂದು ಮೇಲಿನಿಂದ ಗೊತ್ತುಮಾಡಿ ಕಳಿಸಿದಾಗ, ಅದರಲ್ಲಿ ಅವರ ಮಗನಿದ್ದ. ಹೊಸದಾಗಿ ಲೆಫ್ಟಿನೆಂಟ್ ಆಗಿದ್ದ ಹುಡುಗ, ಮನೆಯಲ್ಲಿ ಪುಟ್ಟ. ಕೇಂದ್ರ ಕಚೇರಿಯಲ್ಲಿ ಎಲ್ಲರಿಗೂ ಇದು ಗೊತ್ತಿತ್ತು, ಯಾರೂ ಹೇಳಲಿಲ್ಲ. ಮನೆಯಲ್ಲಿದ್ದ ಅಕ್ಕನಿಗೆ ಗೊತ್ತಿರಲಿಲ್ಲ. ಅವಳು ಫೋನಿನಲ್ಲಿ "ಪುಟ್ಟ ಕಾಗದ ಬರೆದಿಲ್ಲ. ನಿಮಗೇನಾದ್ರೂ ಬರೆದ್ನಾ? ತಮ್ಮ ಸರಿಯಾಗಿ ಊಟ ಮಾಡ್ತಾನಾ?" ಎಂದಷ್ಟೇ ಕೇಳುತ್ತಿದ್ದಳು. ಎರಡನೆಯ ಪ್ರಶ್ನೆಗೆ ಮಾತ್ರ ಕರ್ನಲ್ ಧೈರ್ಯವಾಗಿ ಉತ್ತರ ಕೊಡುತ್ತಿದ್ದರು.

ಯೋಜನೆಯನ್ನು ಆಡಿ ನೋಡುವುದಕ್ಕೆ ಸ್ವತಃ ಜನರಲ್ ಬರುತ್ತಾರೆಂದು ಸುದ್ದಿ ಬಂತು. ಜನರಲ್ ಒಪ್ಪಿದರೆ ಅಂದೇ ಆಜ್ಞೆ ಹೊರಡುತ್ತದೆ. ಕರ್ನಲ್ ಮದುವೆಮನೆಯ ಯಜಮಾನರಂತೆ ಓಡಾಡಿದರು. ನೆಲ ತೊಳೆಸಿದರು. ಮರದ ತುಂಡುಗಳಿಗೆ ಹೊಸ ಬಣ್ಣ ಬಳಿಸಿದರು. ಪಾರಿವಾಳಗಳನ್ನು ಹೊರಗೆ ಓಡಿಸಲು ಒಂದು ತುಕಡಿಯನ್ನೇ ನೇಮಿಸಿದರು. ಆ ಕಾರ್ಯಾಚರಣೆ ಮಾತ್ರ ಪೂರ್ತಿ ವಿಫಲವಾಯಿತು. ಕೊನೆಗೆ ಅಡುಗೆಮನೆಗೂ ಹೋಗಿ, ಜನರಲ್ ಏಳುವ ತನಕ ಗಂಟೆ ಹೊಡೆಯಕೂಡದು ಎಂದು ಆಜ್ಞೆ ಮಾಡಿದರು.

"ಆ ಗಂಟೆ ಹೊಡೆದರೆ ಜನರಲ್ ಕುರ್ಚಿಯಿಂದ ಬೀಳ್ತಾರಯ್ಯಾ. ಗಿರಣಿ ಅನ್ಕೊಂಡಿದೀಯಾ ಇದನ್ನ?"

"ಗಿರಣೀನೇ ಅಲ್ವಾ ಸಾರ್?" ಎಂದ ಸೌಟು.

"ಹೊಡೀಬೇಡ ಅಂದ್ರೆ ಹೊಡೀಬೇಡ."

"ಆಯ್ತು ಸಾರ್. ಊಟ ತಣ್ಣಗಾದ್ರೆ ನನ್ನ ಬಯ್ಯಬಾರದು."

"ಒಂದು ದಿನ ತಣ್ಣಗೆ ತಿಂದ್ರೆ ಯಾರೂ ಸಾಯಲ್ಲ" ಎಂದು ಕರ್ನಲ್ ಹೊರಗೆ ಬಂದರು. ಕಾರಿಡಾರಿನಲ್ಲಿ ಶತ್ರು ಕಿಟಕಿಗೆ ಒರಗಿ ಕೆಂಪು ಪೆನ್ಸಿಲ್ಲನ್ನು ಕೆತ್ತುತ್ತಿದ್ದ.

"ಇವತ್ತು ಮರ್ಯಾದೆ ಕಾಪಾಡಪ್ಪಾ" ಎಂದರು ಕರ್ನಲ್, ಅಕ್ಕಪಕ್ಕ ಯಾರೂ ಇಲ್ಲ ಎಂದು ನೋಡಿಕೊಂಡು.

"ಯಾವತ್ತು ಕಾಪಾಡಿಲ್ಲ ಭಾವ?"

"ಅಂದ್ರೆ, ಚೆನ್ನಾಗಿ ಆಡು. ಬೇಗ ಸೋತರೆ ಜನರಲ್‌ಗೆ ಅನುಮಾನ ಬರುತ್ತೆ. ತೀರಾ ಎಳೀಲೂಬೇಡ."

"ನಿಮ್ಮಿಷ್ಟದ ಹಾಗೆ ಸೋಲೋಕೆ ನಾನೇನು ದರ್ಜಿ ಅಂಗಡಿ ಇಟ್ಟಿದೀನಾ? ಅಳತೆ ಕೊಡ್ತಿದೀರಲ್ಲ." ಶತ್ರು ಪೆನ್ಸಿಲ್ಲಿನ ತುದಿಯನ್ನು ಊದಿ ನೋಡಿದ. ಆಮೇಲೆ ದನಿ ಇಳಿಸಿ, "ಭಾವ, ಮೊದಲನೇ ದೋಣೀಲಿ ಪುಟ್ಟ ಇರ್ತಾನಲ್ವಾ?" ಎಂದು ಕೇಳಿದ.

ಕರ್ನಲ್ ನೆಟ್ಟಗೆ ನಿಂತರು. "ಮೇಜಿನ ಮೇಲೆ ಪುಟ್ಟ ಇಲ್ಲ. ಮರದ ತುಂಡು ಇದೆ, ಅಷ್ಟೇ."

"ಸರಿ ಭಾವ" ಎಂದ ಶತ್ರು.

ಜನರಲ್ ಬಂದರು. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ; ಕುರ್ಚಿಯಲ್ಲಿ ಕೂತು ಗಲ್ಲಕ್ಕೆ ಕೈ ಕೊಟ್ಟರೆ ನಿದ್ದೆಯೋ ಯೋಚನೆಯೋ ತಿಳಿಯುತ್ತಿರಲಿಲ್ಲ. ಕರ್ನಲ್ ಉದ್ದನೆಯ ಕೋಲು ಹಿಡಿದು ಚಿಟ್ಟೆಯನ್ನು ರೆಕ್ಕೆ ರೆಕ್ಕೆಯಾಗಿ ವಿವರಿಸಿದರು. ಆಟ ಶುರುವಾಯಿತು. ನೀಲಿ ತುಂಡುಗಳು ಸೇತುವೆಯ ಬಳಿ ಗದ್ದಲವೆಬ್ಬಿಸಿದವು. ಕೆಂಪು ತುಂಡುಗಳು ನಿರೀಕ್ಷಿಸಿದಂತೆ ಸೇತುವೆಯ ಕಡೆಗೆ ಓಡಿದವು. ತಿರುವಿನಲ್ಲಿ ದೋಣಿಗಳು ಸಿದ್ಧವಾದವು. ಎಲ್ಲವೂ ಹಾಲು ಕುಡಿದಷ್ಟು ಸಲೀಸಾಗಿ ನಡೆಯಿತು. ಶತ್ರು ಸುಮ್ಮನೆ ನೋಡುತ್ತಿದ್ದ. ಆಗೊಮ್ಮೆ ಈಗೊಮ್ಮೆ ತಲೆಯನ್ನು ಒಂದು ಕಡೆ ವಾಲಿಸಿ, ದೂರದ್ದೇನನ್ನೋ ಆಲಿಸುವವನಂತೆ ನಿಲ್ಲುತ್ತಿದ್ದ. 'ಎಷ್ಟು ಆಳವಾಗಿ ಯೋಚಿಸುತ್ತಾನೆ' ಎಂದು ಪಕ್ಕದಲ್ಲಿದ್ದವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು.

ಕಿಟಕಿಯ ಬಿಸಿಲು ಮೇಜಿನಿಂದ ಇಳಿದು ನೆಲಕ್ಕೆ ಬಂತು. ಶತ್ರು ದಿನವೂ ಸೋಲುತ್ತಿದ್ದ ಹೊತ್ತಾಯಿತು. ಸೋಲಲಿಲ್ಲ. ಕರ್ನಲ್ ಅವನ ಮುಖ ನೋಡಿದರು. ಅವನು ಬಾಗಿಲ ಕಡೆ ನೋಡುತ್ತಿದ್ದ. ಇನ್ನಷ್ಟು ಹೊತ್ತಾಯಿತು. ಒಂದು ಪಾರಿವಾಳ ಕೆಂಪು ಪಕ್ಷದ ರಾಜಧಾನಿಯ ಮೇಲೆ ತನ್ನ ಅಭಿಪ್ರಾಯ ಉದುರಿಸಿತು. ಕರ್ನಲ್ ಅದನ್ನು ಶುಭಶಕುನ ಎಂದುಕೊಂಡರು. ಶತ್ರು ಕರವಸ್ತ್ರದಿಂದ ರಾಜಧಾನಿಯನ್ನು ಒರೆಸಿ, ನಿಟ್ಟುಸಿರು ಬಿಟ್ಟು, ಬೇರೆ ದಾರಿಯಿಲ್ಲ ಅನ್ನುವವನಂತೆ ನಕ್ಷೆಯ ಮೇಲೆ ಬಗ್ಗಿದ. ಅಲ್ಲಿ ಇಲ್ಲಿ ಬೆರಳಾಡಿಸಿದ. ತಿರುವಿಗಿಂತ ಎಷ್ಟೋ ಮೇಲೆ, ಯಾರೂ ತಿರುಗಿ ನೋಡದ ಒಂದು ಮೂಲೆಯಲ್ಲಿದ್ದ ಪುಟಾಣಿ ಕೆಂಪು ತುಂಡೊಂದನ್ನು ತಟ್ಟಿ, "ನಾವು ತೂಬು ಮುಚ್ತೀವಿ" ಎಂದ.

"ಯಾವ ತೂಬು?" ಎಂದರು ಕರ್ನಲ್.

"ನಮ್ಮ ದಡದಲ್ಲಿ ಕಾಲುವೆಗೆ ನೀರು ಬಿಡ್ತೀವಲ್ಲ ಸಾರ್, ಆ ತೂಬು."

ಕರ್ನಲ್ ನಕ್ಕರು. ಜನರಲ್‌ಗೂ ಕೇಳುವಂತೆ ನಕ್ಕರು. "ಅದು ನಿಮ್ಮ ಹೊಲಕ್ಕೆ ಹೋಗೋ ನೀರು. ಅದನ್ನ ಯಾಕಪ್ಪಾ ಮುಚ್ಕೋತೀರಿ?"

"ಒಂದು ಬೆಳಿಗ್ಗೆ ನೀರಿಲ್ಲ ಅಂದ್ರೆ ಹೊಲ ಒಣಗಲ್ಲ ಸಾರ್. ಹೊಳೆಯ ಅರ್ಧ ನೀರು ಕಾಲುವೆಗೆ ಹೋಗುತ್ತೆ. ಅದಕ್ಕೇ ಆ ತಿರುವಲ್ಲಿ ನೀರು ನಿದ್ದೆ ಮಾಡೋದು. ತೂಬು ಮುಚ್ಚಿದ್ರೆ ಅಷ್ಟೂ ನೀರು ಹೊಳೆಗೇ ಬರುತ್ತೆ. ನಿಮ್ಮ ದೋಣಿಗಳು ಆಗ ನಡುನೀರಲ್ಲಿ ಇರ್ತವೆ."

ಸೇತುವೆ ಕಟ್ಟುವ ವಿಭಾಗದ ಅಧಿಕಾರಿ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು, ತೆಗೆದು, ಮತ್ತೆ ಇಟ್ಟು, ಕೊನೆಗೆ ಒಮ್ಮೆ ಕೆಮ್ಮಿದ. ಆ ಕೆಮ್ಮಿನಲ್ಲಿ ಎಲ್ಲವೂ ಇತ್ತು.

"ಆಮೇಲೆ?" ಎಂದರು ಜನರಲ್. ಆ ದಿನ ಅವರು ಆಡಿದ ಮೊದಲ ಮಾತು.

"ಆಮೇಲೆ ದೋಣಿಗಳನ್ನ ನೀರೇ ಎಳ್ಕೊಂಡು ಬರುತ್ತೆ ಸಾರ್. ಸೇತುವೆ ಕಡೆಗೆ."

ಸೇತುವೆಯ ಹತ್ತಿರ ಕೆಂಪು ಫಿರಂಗಿಗಳು ಗುಂಪಾಗಿ ನಿಂತಿದ್ದವು. ಅವನ್ನು ಅಲ್ಲಿಗೆ ಕರೆಸಿದ್ದು ಕರ್ನಲ್‌ರ ಗದ್ದಲವೇ. ಶತ್ರು ಕೋಲು ತೆಗೆದುಕೊಂಡ. ಮುಂದಿನ ನೀಲಿ ತುಂಡಿನ ಹಿಂದೆ ಅದರ ತುದಿಯನ್ನು ಇಟ್ಟ. ಹೊಸ ಬಣ್ಣ ಇನ್ನೂ ಅಂಟುತ್ತಿತ್ತು, ತುಂಡು ಕದಲಲಿಲ್ಲ. ಅಥವಾ ಕೋಲೇ ಕದಲಲಿಲ್ಲ. ಕರ್ನಲ್ ಆ ತುಂಡನ್ನು ನೋಡಿದರು. ಇಷ್ಟು ದಿನ ಅದನ್ನು ಅಲ್ಲಿಂದಿಲ್ಲಿಗೆ ನೂರು ಸಲ ಎತ್ತಿಟ್ಟಿದ್ದರು, ಒಂದು ಸಲವೂ ನೋಡಿರಲಿಲ್ಲ. ಹೆಬ್ಬೆರಳಿನಷ್ಟು ಮರ. ಒಂದು ಮೂಲೆ ಸ್ವಲ್ಪ ಒಡೆದಿತ್ತು. ಪುಟ್ಟನ ಮುಂದಿನ ಹಲ್ಲೂ ಹಾಗೆಯೇ ಎಂಬುದು ಅವರಿಗೆ ಆಗ ನೆನಪಾಗಬಾರದಿತ್ತು.

ಶತ್ರು ತುಂಡನ್ನು ನಿಧಾನವಾಗಿ ಹೊಳೆಯ ಗುಂಟ ತಳ್ಳಿಕೊಂಡು ಬಂದು ಸೇತುವೆಯ ಕೆಳಗೆ ನಿಲ್ಲಿಸಿದ. ನಾಶವಾದ ತುಂಡನ್ನು ಮೇಜಿನಿಂದ ಎತ್ತಿ ಡಬ್ಬಿಗೆ ಹಾಕುವುದು ಆಟದ ನಿಯಮ. ಅವನು ಎತ್ತಲಿಲ್ಲ. ಕೋಲನ್ನು ಮೇಜಿಗೆ ಒರಗಿಸಿದ.

"ಮುಂದೆ?" ಎಂದರು ಜನರಲ್.

"ಮುಂದೆ ಏನಿಲ್ಲ ಸಾರ್. ನಾವು ಗೆದ್ವಿ" ಎಂದ ಶತ್ರು. ಆಮೇಲೆ ಅಭ್ಯಾಸವಿಲ್ಲದ ಕೆಲಸ ಮಾಡಿದವನಂತೆ, "ಕ್ಷಮಿಸಬೇಕು" ಎಂದು ಸೇರಿಸಿದ.

ಶತ್ರು ಗೆದ್ದರೆ ಏನು ಮಾಡಬೇಕೆಂದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಪ್ಪಾಳೆ ತಟ್ಟಿದರೆ ದೇಶದ್ರೋಹ, ಸುಮ್ಮನಿದ್ದರೆ ಅಮರ್ಯಾದೆ. ಕರ್ನಲ್‌ರ ಕಿವಿ ಕೆಂಪಾಗಿ ಅವರೂ ಎದುರು ಪಕ್ಷದವರಂತೆ ಕಾಣುತ್ತಿದ್ದರು. ಜನರಲ್ ಎದ್ದರು. "ನಿಮ್ಮ ಈ ಶತ್ರು ಒಳ್ಳೆಯವನು ಕಣ್ರೀ ಕರ್ನಲ್. ಆಚೆ ದಡದವನಾಗಿದ್ರೆ ಮೊದಲೇ ಹೇಳ್ತಿರಲಿಲ್ಲ. ಯೋಜನೆ ಬದಲಾಯಿಸಿ ತನ್ನಿ" ಎಂದರು. ಬಾಗಿಲ ಹತ್ತಿರ ನಿಂತು, "ಇಲ್ಲಿ ಯಾರೂ ಊಟ ಮಾಡೋದಿಲ್ವೇನ್ರೀ?" ಎಂದೂ ಕೇಳಿದರು.

ಊಟ ಕಲ್ಲಿನಂತೆ ತಣ್ಣಗಾಗಿತ್ತು. ಶತ್ರು ಅದನ್ನು ಜಗಿಯುತ್ತ ಕೂತ. ಅವನ ಮುಖ ನೋಡಿದ ಯಾರೂ ಅವನನ್ನು ಗೆದ್ದವನು ಎನ್ನುತ್ತಿರಲಿಲ್ಲ.

ಸಂಜೆ ಕರ್ನಲ್ ನಕ್ಷೆಯ ಮುಂದೆ ಹೋಗಿ ನಿಂತಾಗ ಶತ್ರು ಆಗಲೇ ಅಲ್ಲಿದ್ದ. ಇಬ್ಬರೂ ಮೊದಲ ಬಾರಿಗೆ ಮೇಜಿನ ಒಂದೇ ಕಡೆ ನಿಂತರು. "ಆ ತೂಬಿನ ಹತ್ತಿರ ನಿಮ್ಮವರು ಎಷ್ಟು ಜನ ಇರಬಹುದು?" ಎಂದು ಕರ್ನಲ್ ಬಿಗುಮಾನದಿಂದಲೇ ಕೇಳಿದರು. "ನಮ್ಮವರು ಹೆಚ್ಚು ಇರಲ್ಲ ಭಾವ. ಚಳಿಗೆ ಗುಡಿಸಲೊಳಗೆ ಮುದುರಿಕೊಂಡಿರ್ತೀವಿ" ಎಂದ ಶತ್ರು, ತನ್ನ ದೇಶವನ್ನು ಸ್ವಲ್ಪವೂ ಬೇಸರವಿಲ್ಲದೆ ಒಪ್ಪಿಸುತ್ತ.

ಹೊಸ ಯೋಜನೆಯನ್ನು ಜನರಲ್ ಒಪ್ಪಿದರು. ಆಜ್ಞೆ ಕೊಡಲು ಕರ್ನಲ್ ತಾವೇ ಬೆಟಾಲಿಯನ್ ಇದ್ದ ಕಡೆ ಹೋದರು. ಮೊದಲು ಈಜು ಬಲ್ಲ ಸಣ್ಣ ತಂಡ ಹೋಗಿ ತೂಬು ಹಿಡಿಯಬೇಕು. ಹಿಡಿದ ಗುರುತಿಗೆ ಹಸಿರು ದೀಪ ತೋರಿಸಬೇಕು. ದೀಪ ಕಾಣದೆ ಒಂದು ದೋಣಿಯೂ ನೀರಿಗೆ ಇಳಿಯಕೂಡದು. ಅಧಿಕಾರಿಗಳು ಒಬ್ಬೊಬ್ಬರಾಗಿ ಆಜ್ಞೆಯನ್ನು ತಿರುಗಿ ಹೇಳಿ ಒಪ್ಪಿಸಿದರು. ಕೊನೆಯ ಸಾಲಿನಲ್ಲಿದ್ದ ಒಬ್ಬ ಲೆಫ್ಟಿನೆಂಟ್ ಕೂಡ ಒಪ್ಪಿಸಿದ.

"ಪ್ರಶ್ನೆ ಇದೆಯಾ?" ಎಂದರು ಕರ್ನಲ್.

"ಇಲ್ಲ ಸಾರ್."

ಕರ್ನಲ್ ಹೊರಟವರು ತಿರುಗಿ ಬಂದು, ಅವನ ಕೊರಳಿನ ಗುಂಡಿ ಸರಿಪಡಿಸುವವರಂತೆ ಬಗ್ಗಿ, "ಅಮ್ಮನಿಗೆ ಕಾಗದ ಬರಿ. ಇದೂ ಆಜ್ಞೆ" ಎಂದರು.

"ಬರೀತೀನಪ್ಪಾ. ಸಾರ್."

ಚಿಟ್ಟೆ ಹಾರಿದ ದಿನ ಕರ್ನಲ್ ಕೇಂದ್ರ ಕಚೇರಿಯ ಫೋನಿನ ಪಕ್ಕ ಕಲ್ಲಿನಂತೆ ಕೂತಿದ್ದರು. ಪಕ್ಕದಲ್ಲಿ ಶತ್ರು. ಹಸಿರು ದೀಪ ಕಂಡಿತು ಎಂದು ಸುದ್ದಿ ಬಂತು. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ದೋಣಿಗಳು ಆಚೆ ದಡ ಮುಟ್ಟಿದವೆಂದು ಬಂತು; ನೀರು ಕೊನೆಯವರೆಗೂ ತೂಕಡಿಸುತ್ತಲೇ ಇತ್ತಂತೆ. ತೂಬಿನ ಗುಡಿಸಲಿನಲ್ಲಿ ಸಿಕ್ಕ ಕಾವಲುಗಾರರು ಕಂಬಳಿ ಹೊದ್ದು ಮುದುರಿಕೊಂಡಿದ್ದರು. ಆದರೆ ಅವರು ಮಲಗಿದ್ದದ್ದು ತೂಬು ತಿರುಗಿಸುವ ಚಕ್ರಕ್ಕೆ ಒರಗಿಕೊಂಡು. ನಡುನೀರಿನಲ್ಲಿ ದೋಣಿ ಕಂಡ ಕೂಡಲೇ ಚಕ್ರ ತಿರುಗಿಸಬೇಕೆಂದು ಅವರಿಗೆ ಆಜ್ಞೆಯಿತ್ತಂತೆ. ಇದನ್ನು ಕೇಳಿದಾಗ ಕರ್ನಲ್ ಎದ್ದು ಕಿಟಕಿಯ ಹತ್ತಿರ ಹೋಗಿ, ಅಲ್ಲೇನೂ ಇಲ್ಲದಿದ್ದರೂ ಬಹಳ ಹೊತ್ತು ನೋಡಿದರು.

ಪುಟ್ಟ ಕ್ಷೇಮವಾಗಿದ್ದ. ವಿಷಯ ತಿಳಿದ ಅಕ್ಕ ಫೋನಿನಲ್ಲಿ ಮೊದಲು ಅತ್ತಳು, ಆಮೇಲೆ ಶುರುಮಾಡಿದಳು. "ಕಾಲು ನೆನೆದು ಶೀತ ಆಗಿದೆಯಂತೆ! ಇಷ್ಟು ದೊಡ್ಡ ಸೈನ್ಯ ಇಟ್ಕೊಂಡಿದೀರಿ, ಮಗನಿಗೆ ಒಂದು ಒಣಗಿದ ದೋಣಿ ಕೊಡೋಕಾಗಲಿಲ್ವಾ ನಿಮಗೆ? ನನ್ನ ತಮ್ಮ ಇಲ್ಲದಿದ್ರೆ ಏನಾಗ್ತಿತ್ತು! ಸೋದರಮಾವ ಅಂದ್ರೆ ಹಾಗಿರಬೇಕು." ಮದುವೆಯ ಮಾತುಕತೆಯಲ್ಲಿ ಕೇಳಿದ್ದ ಪ್ರಶ್ನೆ ಕರ್ನಲ್‌ಗೆ ಮತ್ತೊಮ್ಮೆ ನೆನಪಾಯಿತು.

ಶತ್ರುವಿನ ಕಥೆ ಈಗ ಬಾಯಿಂದ ಬಾಯಿಗೆ ಬೆಳೆಯಿತು. ಇಷ್ಟು ವರ್ಷ ಬೇಕೆಂದೇ ಸೋಲುತ್ತ, ನಿಜವಾಗಿ ಬೇಕಾದ ಒಂದು ದಿನಕ್ಕಾಗಿ ತನ್ನ ಗೆಲುವನ್ನು ಬಚ್ಚಿಟ್ಟುಕೊಂಡಿದ್ದ ಮಹಾ ಚಾಣಾಕ್ಷ ಎಂದರು ಕೆಲವರು. ತಲೆ ವಾಲಿಸಿ ನಿಂತಾಗ ಅವನಿಗೆ ಹೊಳೆಯ ನೀರಿನ ಸದ್ದೇ ಕೇಳಿಸುತ್ತಿತ್ತು ಎಂದರು ಇನ್ನು ಕೆಲವರು. ಅಕ್ಕನ ಮಗನ ತುಂಡಿಗೆ ಕೋಲು ತಾಗಿಸುವಾಗ ಅವನ ಕಣ್ಣಲ್ಲಿ ನೀರಿತ್ತು ಎಂದು, ಅಂದು ರಜೆಯಲ್ಲಿದ್ದ ಅಧಿಕಾರಿಯೊಬ್ಬ ಕಣ್ಣಾರೆ ಕಂಡವನಂತೆ ಹೇಳಿದ. ಮುಂದಿನ ಆಟದಲ್ಲಿ ಶತ್ರು ಎಂದಿನಂತೆ ಸೋತ. ಅದನ್ನೂ ಅವನ ದೊಡ್ಡತನ ಎಂದರು.

ಕರ್ನಲ್‌ಗೆ ಮಾತ್ರ ನಿದ್ದೆ ಹತ್ತಲಿಲ್ಲ. ಹಾಗಾದರೆ ತಾವು ಇಷ್ಟು ವರ್ಷ ಗೆದ್ದದ್ದೆಲ್ಲ ಏನು? ಬೆಟ್ಟದ ಗೆಲುವು, ಬಯಲಿನ ಗೆಲುವು, ಮೀಸೆಗೆ ಕೈ ಹಾಕಿದ ಅಷ್ಟೂ ಗೆಲುವುಗಳು ಮೈದುನ ಮಾಡಿದ ದಾನವೇ? ಕೇಳದೆ ಇರಲಾಗಲಿಲ್ಲ. ಒಂದು ಮಧ್ಯಾಹ್ನ ಗಿರಣಿಯ ಮೆಟ್ಟಿಲ ಮೇಲೆ ಶತ್ರು ತಟ್ಟೆ ಹಿಡಿದು ಬಿಸಿಬಿಸಿ ಊಟ ಮಾಡುತ್ತ ಕ್ಷೇಮವಾಗಿ ಕೂತಿದ್ದಾಗ, ಅವರು ಬಂದು ಪಕ್ಕದಲ್ಲಿ ಕೂತರು.

"ನಿಜ ಹೇಳ್ತೀಯಾ ಒಂದು ಮಾತು?"

"ಕೇಳಿ ಭಾವ."

"ಇಷ್ಟು ವರ್ಷ ಸೋಲ್ತಿದ್ದವನು ಅವತ್ತು ಒಂದು ದಿನ ಯಾಕೆ ಸೋಲಲಿಲ್ಲ? ಪುಟ್ಟನಿಗಾಗಿ ತಾನೇ? ಮುಂಚೆಯೇ ತೂಬು ನೋಡಿಟ್ಟಿದ್ದೆಯಾ? ಅಕ್ಕ ಏನಾದ್ರೂ ಹೇಳಿದ್ಳಾ? ಏನಿದ್ರೂ ಹೇಳಿಬಿಡು. ನನಗೆ ಬೇಜಾರಿಲ್ಲ."

ಶತ್ರು ಬಾಯಲ್ಲಿದ್ದದ್ದನ್ನು ನಿಧಾನವಾಗಿ ಜಗಿದು ನುಂಗಿದ. ಭಾವನ ಮುಖವನ್ನು ಒಮ್ಮೆ ನೋಡಿದ. ಆಮೇಲೆ ಅಂಗಳದ ಗಂಟೆಯ ಕಡೆಗೆ ಗಲ್ಲ ಎತ್ತಿ ತೋರಿಸಿದ.

"ಅದು ಹೊಡೀಲಿಲ್ವಲ್ಲ ಭಾವ. ಯಾವ ಬೀಡಲ್ಲೇ ಇರ್ಲಿ, ದಿನಾ ಊಟದ ಗಂಟೆ ಹೊಡೀತಿದ್ದ ಹಾಗೇ ಸೋತು ಎದ್ದು ಹೋಗ್ತಿದ್ದೆ. ಅವತ್ತು ಎಷ್ಟು ಕಾದ್ರೂ ಹೊಡೀಲಿಲ್ಲ. ಸುಮ್ನೆ ನಿಂತು ಏನು ಮಾಡೋದು ಅಂತ ಆಡ್ತಾ ಹೋದೆ. ಹೊಡೀಬೇಡ ಅಂದಿದ್ದು ನೀವೇ ಅಂತೆ, ಸೌಟು ಹೇಳ್ದ."